ಓವನ್ನಿನಲ್ಲಿ ರಾತ್ರಿ ಕಳೆದ ಕಾಯಿ

ನನ್ನ ಕಾರಿನ ಒಳಗನ್ನಡಿಗೆ ಒಂದು ಕಂದು ಬೀಜ ನೇತುಬಿದ್ದಿದೆ. ಅಡಿಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು. ನಡುವೆ ಒಂದು ತೂತು, ತೂತಿನೊಳಗಿಂದ ಹಾದುಬಂದ ಬಿಳಿ ಶೂಲೇಸು, ಲೇಸಿನ ತುದಿಯಲ್ಲಿ ದಪ್ಪ ಗಂಟು. ಹಳೆಯ ಬೀಟೆ ಮೇಜಿನ ಹೊಳಪು ಅದಕ್ಕೆ. ನಾನು ಬ್ರೇಕ್ ಒತ್ತಿದಾಗಲೆಲ್ಲ ಗಾಜಿನ ಕಡೆಗೆ ಧಾವಿಸಿ ಹೋಗಿ, ಏನೋ ಹೇಳಲು ಎದ್ದು ಮತ್ತೆ ಬೇಡವೆಂದು ಕೂತವರ ಹಾಗೆ ವಾಪಸ್ ಬಂದು ಸುಮ್ಮನಾಗುತ್ತದೆ.

ಕಾರು ಹತ್ತಿದವರು ಸೀಟ್‌ಬೆಲ್ಟ್ ಹಾಕಿಕೊಳ್ಳುವ ಮೊದಲೇ ಅದನ್ನು ನೋಡುತ್ತಾರೆ. ಮೊನ್ನೆ ದೇವಸ್ಥಾನದಿಂದ ಒಬ್ಬರು ಆಂಟಿಗೆ ರೈಡ್ ಕೊಟ್ಟೆ. (ನಾನು ದೇವಸ್ಥಾನಕ್ಕೆ ಹೋದದ್ದು ಪುಳಿಯೋಗರೆಗೆ. ನಂಬಿಕೆಯ ವಿಷಯದಲ್ಲಿ ನನಗೆ ನೂರು ಪ್ರಶ್ನೆಗಳಿವೆ, ಪುಳಿಯೋಗರೆಯ ವಿಷಯದಲ್ಲಿ ಒಂದೂ ಇಲ್ಲ.) ಆಂಟಿ ಕೂತವರೇ ಬೀಜಕ್ಕೆ ಕೈ ಮುಗಿದು, "ಎಷ್ಟು ಮುಖದ್ದಮ್ಮ ಇದು?" ಎಂದರು.

"ರುದ್ರಾಕ್ಷಿ ಅಲ್ಲ ಆಂಟಿ."

"ಮತ್ತೆ ದೃಷ್ಟಿಗೆ ಕಟ್ಟಿದೀಯಾ?"

"ದೃಷ್ಟಿಗೂ ಅಲ್ಲ. ಇದು ಅನರ್ಹವಾದ ಕಾಯಿ."

ಆಂಟಿ ನನ್ನ ಮುಖವನ್ನೊಮ್ಮೆ, ಕಾಯಿಯನ್ನೊಮ್ಮೆ ನೋಡಿದರು. ಅವರ ಮನೆಗೆ ಹೈವೇಯಲ್ಲಿ ಎರಡೇ ಎಕ್ಸಿಟ್ ಇತ್ತು, ಕಥೆಗೆ ಅಷ್ಟು ಸಾಲದು. ಅವರ ಡ್ರೈವ್‌ವೇಯಲ್ಲಿ ಎಂಜಿನ್ ಆಫ್ ಮಾಡಿ ಉಳಿದದ್ದನ್ನು ಹೇಳಿ ಮುಗಿಸಿದೆ. ಕೇಳಿದವರಿಗೆ ಪೂರ್ತಿ ಹೇಳಬೇಕು, ಅರ್ಧಕ್ಕೆ ಬಿಡಬಾರದು ಎನ್ನುವುದು ಅದನ್ನು ಅಲ್ಲಿ ಕಟ್ಟಿದವರ ಕಟ್ಟಪ್ಪಣೆ. ನೀವೂ ಈಗ ಕೇಳಿದಿರಿ ಎಂದೇ ಇಟ್ಟುಕೊಳ್ಳುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು, ಪೂರ್ವಪೀಠಿಕೆ ಇಲ್ಲದೆ ಮಾತಾಡಿದರೆ ನನಗೆ ನಾಲಿಗೆ ಹೊರಳುವುದಿಲ್ಲ. ನಾನು ಮೈಸೂರಿನ ಶಾಲೆ–ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ವಿಜ್ಞಾನ ವರವೋ ಶಾಪವೋ, ಪರೀಕ್ಷೆ ಬೇಕೋ ಬೇಡವೋ, ನಗರ ಮೇಲೋ ಹಳ್ಳಿ ಮೇಲೋ, ಎಲ್ಲದರ ಪರವಾಗಿಯೂ ಮಾತಾಡಿದ್ದೇನೆ, ಎಲ್ಲದರ ವಿರುದ್ಧವೂ ಮಾತಾಡಿದ್ದೇನೆ; ಕೆಲವು ಸಲ ಒಂದೇ ದಿನ, ಮಧ್ಯೆ ಒಂದು ಕಾಫಿ ಕುಡಿದು. ಮನೆಯ ಶೋಕೇಸಿನಲ್ಲಿ ಇರುವ ಕಪ್ಪುಗಳನ್ನು ಅಪ್ಪ ಆಯುಧಪೂಜೆಗೆ ಒರೆಸುತ್ತಾರೆ. ಈಗ ಮಿಶಿಗನ್ನಿನ ವಿಕ್ಸಮ್‌ನಲ್ಲಿ ಮನೆ, ಡಿಯರ್‌ಬಾರ್ನ್‌ನಲ್ಲಿ ಕೆಲಸ. ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಅಭ್ಯಾಸ ಮಾತ್ರ ಬಿಟ್ಟಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ ಮೇಲೆ "ಒಂದು ನಿಮಿಷ" ಎನ್ನುವವಳು ನಾನೇ.

ಬೀಜ ನನ್ನ ಬದುಕಿಗೆ ಬಂದದ್ದು ಮೇಲಿನಿಂದ. ಇಲ್ಲಿಗೆ ಬಂದ ಮೊದಲ ಅಕ್ಟೋಬರಿನಲ್ಲಿ ವಾಕಿಂಗ್ ಹೋಗುತ್ತಿದ್ದೆ. ನಮ್ಮ ಬಡಾವಣೆಯ ಕೊನೆಯ ಮನೆಯ ಬೇಲಿಯಾಚೆಯಿಂದ ಒಂದು ದೊಡ್ಡ ಮರ ಕೈ ಚಾಚಿತ್ತು. ಅದರಿಂದ ಮುಳ್ಳುಮುಳ್ಳಾದ ಹಸಿರು ಕಾಯೊಂದು ನೇರ ನನ್ನ ಭುಜದ ಮೇಲೆ ಬಿತ್ತು. "ಅಮ್ಮಾ!" ಎಂದು ಕೂಗಿದೆ. ಬಾಗಿಲು ತೆರೆದು ಒಬ್ಬ ಎತ್ತರದ ಮುದುಕ ಓಡಿ ಬಂದ. ಪರವಾಗಿಲ್ಲವಲ್ಲ, ಪೆಟ್ಟಾಯಿತೆ ಎಂದು ಕೇಳುತ್ತಾನೆ ಎಂದುಕೊಂಡೆ. ಅವನು ನನ್ನನ್ನು ದಾಟಿ ಹೋಗಿ, ಬಿದ್ದ ಕಾಯನ್ನು ಎತ್ತಿ, ಸಿಪ್ಪೆ ಬಿಡಿಸಿ, ಒಳಗಿನ ಕಂದು ಬೀಜವನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟ. "ಸದ್ಯ, ಬಿರುಕು ಬಿಟ್ಟಿಲ್ಲ."

ಅವನೇ ಟ್ರೆವರ್. ಇಂಗ್ಲೆಂಡಿನ ನಡುಭಾಗದ ಯಾವುದೋ ಹಳ್ಳಿಯವನು. ನಾನು ಹುಟ್ಟುವ ಮೊದಲೇ ಎಂಜಿನ್ ಡಿಸೈನ್ ಮಾಡಲು ಡಿಯರ್‌ಬಾರ್ನ್‌ಗೆ ಬಂದು, ರಿಟೈರಾಗಿ, ಇಲ್ಲೇ ಉಳಿದವನು. ಆ ಮರವನ್ನು ನೋಡಿಯೇ ಆ ಮನೆ ಕೊಂಡನಂತೆ. ಹೆಂಡತಿ ಮರಿಯನ್ ಅಡುಗೆಮನೆ ನೋಡುವ ಮೊದಲೇ ಸಹಿ ಹಾಕಿಬಿಟ್ಟಿದ್ದ ಎಂದು ಅವಳು ಈಗಲೂ ದೂರುತ್ತಾಳೆ. ಮರ ಹಾರ್ಸ್ ಚೆಸ್ಟ್‌ನಟ್, ಬೀಜ ಕಾಂಕರ್. ಟ್ರೆವರ್ ಮಾತನಾಡುವುದೆಲ್ಲ ಇಂಗ್ಲಿಷ್. ನಾನು ಅದನ್ನು ಕನ್ನಡದಲ್ಲಿ ನೆನಪಿಟ್ಟುಕೊಂಡಿದ್ದೇನೆ, ನೀವೂ ಹಾಗೆಯೇ ಕೇಳಿಸಿಕೊಳ್ಳಿ.

ಆ ವರ್ಷವೇ ಅವನ ಹಿತ್ತಲಿನ ಸುಗ್ಗಿಯೂಟಕ್ಕೆ ಕರೆ ಬಂತು. ಅವನ ಊರಿನಲ್ಲಿ ಶರತ್ಕಾಲದಲ್ಲಿ ಬೆಳೆ ಮನೆಗೆ ಬಂದ ಮೇಲೆ ಊರವರೆಲ್ಲ ಸೇರಿ ಉಣ್ಣುತ್ತಿದ್ದರಂತೆ. ಗೋಧಿಯ ತೆನೆಕಟ್ಟಿನ ಆಕಾರದಲ್ಲಿ ಮಾಡಿದ ಬ್ರೆಡ್ಡು ಮೇಜಿನ ನಡುವೆ, ಸುತ್ತ ಸೇಬು, ಕುಂಬಳ, ಉದ್ದುದ್ದ ಕ್ಯಾರೆಟ್ಟು. ಅದಕ್ಕೆ ಮೊದಲು ಕಾಂಕರ್ ಪಂದ್ಯ. ಬೀಜಕ್ಕೆ ತೂತು ಕೊರೆದು ದಾರಕ್ಕೆ ಪೋಣಿಸಬೇಕು. ಒಬ್ಬರು ತಮ್ಮದನ್ನು ನೇತು ಹಿಡಿಯಬೇಕು, ಇನ್ನೊಬ್ಬರು ತಮ್ಮದನ್ನು ಬೀಸಿ ಅದಕ್ಕೆ ಹೊಡೆಯಬೇಕು. ಮೂರು ಏಟು ಇವರದು, ಮೂರು ಏಟು ಅವರದು, ಯಾರ ಬೀಜ ಒಡೆಯಿತೋ ಅವರು ಸೋತರು. ಅಷ್ಟೇ. ಅದರ ಆಚೆ ಒಂದು ಚೂರು ಅರ್ಥವೂ ಇಲ್ಲ.

ನಾನು ಸುಮ್ಮನಿರುತ್ತೇನೆಯೇ? "ಟ್ರೆವರ್, ನಮ್ಮನ್ನು ಅಷ್ಟು ಕಾಲ ಆಳಿದ ಜನ, ನೀವು ಮನೆಯಲ್ಲಿ ದಾರಕ್ಕೆ ಬೀಜ ಕಟ್ಟಿ ಹೊಡೆದಾಡುತ್ತಿದ್ದಿರಾ? ಮೊದಲೇ ಗೊತ್ತಾಗಿದ್ದರೆ ನಾವು ಇನ್ನೂ ಬೇಗ ಎದ್ದು ನಿಲ್ಲುತ್ತಿದ್ದೆವು."

"ಅದಕ್ಕೇ ನಾವು ಯಾರಿಗೂ ಹೇಳಲಿಲ್ಲ," ಎಂದ ಟ್ರೆವರ್, ನಗದೆ.

ಒಳ್ಳೆಯ ಪ್ರತ್ಯುತ್ತರ ಕೊಡುವವರ ಮೇಲೆ ನನಗೆ ಕೋಪ ನಿಲ್ಲುವುದಿಲ್ಲ. ಪ್ರತಿ ವರ್ಷ ಹೋಗತೊಡಗಿದೆ. ಆಡುತ್ತಿರಲಿಲ್ಲ, ಪಕ್ಕದಲ್ಲಿ ನಿಂತು ಟೀಕೆ ಮಾಡುತ್ತಿದ್ದೆ. ಅವನ ಆಟಕ್ಕೆ ಇದ್ದದ್ದು ಒಂದೇ ನಿಯಮ: ಚೇಷ್ಟೆ ಕೂಡದು. "ಚೇಷ್ಟೆ ಅಂದರೆ ಏನು? ವ್ಯಾಖ್ಯಾನ ಎಲ್ಲಿ?" ಎಂದು ಹಿಡಿದುಕೊಂಡೆ. ಕಾಯಿ ಗಟ್ಟಿಯಾಗಲೆಂದು ಕೆಲವರು ಅದನ್ನು ಓವನ್ನಿನಲ್ಲಿ ಬೇಯಿಸುತ್ತಾರಂತೆ, ವಿನೆಗರ್‌ನಲ್ಲಿ ನೆನೆಸುತ್ತಾರಂತೆ, ನೇಲ್ ಪಾಲಿಶ್ ಬಳಿಯುತ್ತಾರಂತೆ. "ಹಾಗಿದ್ದರೆ ಬೇಯಿಸಿದ ಕಾಯಿ ಕೂಡದು ಅಂತ ಹೇಳೋಣ," ಎಂದ ಟ್ರೆವರ್.

"ಬೇಯಿಸಿದ್ದು ಅಂತ ಹೇಗೆ ಸಾಬೀತು ಮಾಡ್ತೀರಿ? ಎಷ್ಟು ಫ್ಯಾರನ್‌ಹೀಟಿಗೆ ಬೆಂದರೆ ಬೆಂದ ಹಾಗೆ? ನಾನು ಬರೀ ಬೆಚ್ಚಗೆ ಮಾಡಿದೆ ಅಂತ ಒಬ್ಬ ವಾದ ಮಾಡಿದರೆ? ಆ ಸಂದಿಯೇ ಬೇಡ. ಓವನ್ನಿನ ಒಳಗೆ ಹೋಯಿತಾ ಇಲ್ಲವಾ, ಅಷ್ಟೇ ಪ್ರಶ್ನೆ."

ಹೀಗೆ ನಿಯಮ ನನ್ನ ಬಾಯಿಂದಲೇ ರೂಪು ತಳೆಯಿತು. ಓವನ್ನಿನ ಒಳಗೆ ಹೋದ, ವಿನೆಗರ್‌ನಲ್ಲಿ ಮುಳುಗಿದ, ನೇಲ್ ಪಾಲಿಶ್ ಹಚ್ಚಿಸಿಕೊಂಡ ಯಾವ ಕಾಯಿಯೂ ಆಟಕ್ಕೆ ಸಲ್ಲದು. ಸಂದುಗೊಂದಿಲ್ಲದ ವಾಕ್ಯ. ಟ್ರೆವರ್ ಕೇಳಿ ತಲೆದೂಗಿ, "ಮುಂದಿನ ವರ್ಷ ನೀನೇ ಅಂಪೈರ್," ಎಂದ. ನನ್ನ ಎದೆ ಒಂದಿಂಚು ಉಬ್ಬಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ಪೋಡಿಯಂ ಹಿಂದೆ ನಿಂತು ಗಂಟೆ ಹೊಡೆಸಿಕೊಂಡವಳು ನಾನು. ಎದುರಿನ ತೀರ್ಪುಗಾರರ ಕುರ್ಚಿಯಲ್ಲಿ ನನ್ನನ್ನು ಯಾರೂ ಕೂರಿಸಿರಲಿಲ್ಲ.

ಆ ಮುಂದಿನ ವರ್ಷ ಅಮ್ಮ ಬಂದರು.

ಅಮ್ಮ, ಅಂದರೆ ವತ್ಸಲಾ ಟೀಚರ್. ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹುಟ್ಟೂರು ಕಾರ್ಕಳದ ಕಡೆ. ಮದುವೆಯಾಗಿ ಮೈಸೂರಿಗೆ ಬಂದು ಇಷ್ಟು ವರ್ಷವಾದರೂ ಅವರ ಬಾಯಿಂದ 'ಉಂಟು' ಹೋಗಿಲ್ಲ, 'ಮಾರಾಯ್ತಿ' ಹೋಗಿಲ್ಲ. ಅಪ್ಪ ನಾಯಿಯನ್ನು ಯಾರೂ ನೋಡಿಕೊಳ್ಳುವುದಿಲ್ಲವೆಂದು ಅಲ್ಲೇ ಉಳಿದರು. ಅಮ್ಮ ಮೊದಲು ಶಿಕಾಗೋ ಹತ್ತಿರ ವೆಸ್ಟ್‌ಮಂಟ್‌ನಲ್ಲಿರುವ ತಮ್ಮನ, ಅಂದರೆ ನನ್ನ ಶ್ರೀಧರ ಮಾವನ, ಮನೆಯಲ್ಲಿ ಕೆಲವು ವಾರ ಇದ್ದರು. ನಾನು ಹೋಗಿ ಕರೆತಂದೆ. ದಾರಿಯುದ್ದಕ್ಕೂ ಮಾವನ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದರ ಬಗ್ಗೆ ವರದಿ. "ಉತ್ತರ ಸರಿಯೇ ಉಂಟು. ಭಾಷೆ ತಪ್ಪು. ಅರ್ಧ ಮಾರ್ಕು ಕೊಡಬಹುದು."

ಈ ಮಾರ್ಕಿನ ವಿಷಯ ಬಂದದ್ದರಿಂದ ಒಂದು ಹಳೆಯ ಗಾಯವನ್ನು ತೋರಿಸಿಯೇ ಮುಂದೆ ಹೋಗಬೇಕು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಂತರ ಶಾಲಾ ಚರ್ಚಾಸ್ಪರ್ಧೆ. ವಿಷಯ: ಸಂಪ್ರದಾಯಗಳು ಪ್ರಗತಿಗೆ ಅಡ್ಡಿ. ನಾನು ಪರ, ಬೇರೇನು! ಮೂವರು ತೀರ್ಪುಗಾರರಲ್ಲಿ ಒಬ್ಬರಿಗೆ ಜ್ವರ ಬಂದು, ಅವರ ಜಾಗಕ್ಕೆ ಕೊನೆಗಳಿಗೆಯಲ್ಲಿ ಕೂತವರು ವತ್ಸಲಾ ಟೀಚರ್. ನಾನು ಗುಡುಗಿದೆ. ಸಭಾಂಗಣ ಚಪ್ಪಾಳೆ ಹೊಡೆಯಿತು. ಅರ್ಧ ಅಂಕದಲ್ಲಿ ಎರಡನೇ ಬಹುಮಾನ. ಆ ಅರ್ಧ ಅಂಕ ಕಳೆದವರು ಯಾರೆಂದು ಬಸ್ಸಿನಲ್ಲೇ ಗೊತ್ತಾಯಿತು, ಏಕೆಂದರೆ ಅವರೇ ಹೇಳಿದರು.

"ನೀನು ಚೆನ್ನಾಗಿ ಮಾತಾಡಿದೆ. ಆದರೆ ಕೊನೆಗೆ ವಿಷಯ ಬಿಟ್ಟು ಎದುರಿನ ಹುಡುಗಿಯ ಉಚ್ಚಾರಣೆಯನ್ನು ಅಣಕಿಸಿದೆ. ಅದಕ್ಕೆ ಕಳೆದೆ."

"ಅರ್ಧ ಅಂಕ ಅಮ್ಮಾ! ಹಾಕಿದ್ರೆ ಏನಾಗ್ತಿತ್ತು?"

"ಆ ಹುಡುಗಿಗೆ ಮೋಸ ಆಗ್ತಿತ್ತು."

ಆ ರಾತ್ರಿ ನಾನು ಊಟ ಬಿಟ್ಟೆ. ಅಮ್ಮ ಒತ್ತಾಯ ಮಾಡಲಿಲ್ಲ, ತಟ್ಟೆ ಮುಚ್ಚಿಟ್ಟು ಮಲಗಿದರು. ಆಮೇಲಿನ ಪ್ರತಿ ಜಗಳದಲ್ಲೂ, ಅದು ಕೂದಲಿಗೆ ಎಣ್ಣೆ ಹಚ್ಚುವ ವಿಷಯವೇ ಇರಲಿ, ಮದುವೆಯ ವಿಷಯವೇ ಇರಲಿ, ನಾನು ಕೊನೆಗೆ ತಲುಪುವುದು ಆ ಅರ್ಧ ಅಂಕಕ್ಕೇ. ಅಮ್ಮ ಒಮ್ಮೆಯೂ ಅದನ್ನು ಹಿಂದಕ್ಕೆ ಕೊಟ್ಟಿಲ್ಲ.

ವಿಕ್ಸಮ್‌ಗೆ ಬಂದ ಅಮ್ಮ ಮೊದಲು ವಶಪಡಿಸಿಕೊಂಡದ್ದು ಅಡುಗೆಮನೆಯನ್ನು. ಅಮೆರಿಕದಲ್ಲಿ ನಮ್ಮವರ ಮನೆಗಳಲ್ಲಿ ಓವನ್ ಏನೇನಾಗಿ ಬಾಳುತ್ತದೆ ಎಂದು ಒಂದು ಪ್ರಬಂಧವನ್ನೇ ಬರೆಯಬಹುದು. ನನ್ನ ಮನೆಯಲ್ಲಿ ಅದು ಬಾಣಲೆ ಇಡುವ ಕಪಾಟಾಗಿತ್ತು. ಅಮ್ಮ ಬಾಣಲೆಗಳನ್ನು ಎತ್ತಂಗಡಿ ಮಾಡಿ ಅದನ್ನು ಹಿಟ್ಟು ಹುದುಗಿಸುವ ಕೋಣೆ ಮಾಡಿದರು. ಅಕ್ಟೋಬರಿನ ಚಳಿಗೆ ಇಡ್ಲಿ ಹಿಟ್ಟು ಕೌಂಟರಿನ ಮೇಲೆ ಎರಡು ದಿನ ಇಟ್ಟರೂ ಉಬ್ಬುವುದಿಲ್ಲ. ಓವನ್ನಿನ ಒಳಗಿನ ಲೈಟು ಹಾಕಿ, ಪಾತ್ರೆ ಇಟ್ಟು, ಬಾಗಿಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತಿಕೊಂಡು ನಿಂತಿರುತ್ತದೆ. ಓವನ್ ಆನ್ ಮಾಡುವುದಿಲ್ಲ, ಲೈಟು ಮಾತ್ರ. ಈ ವಿದ್ಯೆ ಅಮ್ಮನಿಗೆ ವೆಸ್ಟ್‌ಮಂಟ್‌ನಲ್ಲಿ ಸಿಕ್ಕಿದ್ದು. ಮೊಸರು, ಹಿಟ್ಟು, ಮೊಳಕೆ ಬರಬೇಕಾದ ಹೆಸರುಕಾಳು ಎಲ್ಲವೂ ಅದರೊಳಗೆ. ರಾತ್ರಿ ನೀರು ಕುಡಿಯಲು ಎದ್ದರೆ ಅಡುಗೆಮನೆಯ ಮೂಲೆಯಲ್ಲಿ ದೇವರಮನೆಯ ಹಾಗೆ ಹಳದಿ ಬೆಳಕು.

ಪಂದ್ಯಕ್ಕೆ ಕೆಲವು ದಿನ ಮೊದಲು ಅಮ್ಮನನ್ನು ಟ್ರೆವರ್ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಮರದ ಕೆಳಗಿನಿಂದ ಒಂದು ಬೀಜ ಎತ್ತಿ, "ಹಲಸಿನ ಬೀಜದ ಹಾಗೆ ಸುಟ್ಟು ತಿನ್ನಬಹುದಾ?" ಎಂದರು. "ವಿಷ ಅಮ್ಮ, ತಿನ್ನೋ ಹಾಗಿಲ್ಲ," ಎಂದೆ. "ಮತ್ತೆ ಯಾಕೆ ಇಷ್ಟು ಮುದ್ದು?" ಟ್ರೆವರ್ ಆಟ ತೋರಿಸಿದ. ಬೀಜ ಬೀಜಕ್ಕೆ ತಾಗಿ ಟಕ್ ಎಂದಿತು. ಅಮ್ಮನ ಮುಖ ಬದಲಾದದ್ದನ್ನು ನಾನು ನೋಡಿದೆ. ನಿವೃತ್ತ ಟೀಚರ್ ಸರಿದು ಹೋಗಿ, ಅವರ ಹಿಂದಿನಿಂದ ಲಂಗ ಎತ್ತಿ ಕಟ್ಟಿದ ಒಬ್ಬಳು ಹುಡುಗಿ ಇಣುಕಿದಳು.

"ಇದು ಕಾಯಿ ಕುಟ್ಟುವ ಆಟ ಅಲ್ವಾ ಮಾರಾಯ್ತಿ!"

ಅಮ್ಮನ ಊರಿನ ಕಡೆ ದೀಪಾವಳಿಗೆ ತೆಂಗಿನಕಾಯಿ ಕುಟ್ಟುತ್ತಾರೆ. ಒಬ್ಬ ಕಾಯಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ತನ್ನ ಕಾಯಿಂದ ಅದಕ್ಕೆ ಕುಟ್ಟುತ್ತಾನೆ. ಒಡೆದ ಕಾಯಿ ಗೆದ್ದವನಿಗೆ. ಹುಡುಗಿಯರು ಆಡುವಂತಿರಲಿಲ್ಲ. ಆದರೆ ಕಾಯಿ ಆರಿಸುವುದರಲ್ಲಿ ಅಮ್ಮನನ್ನು ಮೀರಿಸಿದವರಿರಲಿಲ್ಲ. ಉಗುರಿನಿಂದ ತಟ್ಟಿ, ಕಿವಿಗಿಟ್ಟು, ಕರಟ ದಪ್ಪವೋ ತೆಳುವೋ ಹೇಳುತ್ತಿದ್ದರಂತೆ. ಆರಿಸಿಕೊಡುವುದು ಅಕ್ಕ, ಕುಟ್ಟುವುದು ತಮ್ಮ. ಗೆದ್ದ ಕಾಯಿಗಳ ರಾಶಿ ಮನೆಗೆ ಬಂದಾಗ ಬೆನ್ನು ತಟ್ಟಿಸಿಕೊಳ್ಳುತ್ತಿದ್ದವನು ಶ್ರೀಧರ. ಇದನ್ನು ಅಮ್ಮ ನನಗೆ ಹೇಳಿದ್ದು ಅವತ್ತೇ ಮೊದಲು. ಅದೂ ದೂರಿನ ಧ್ವನಿಯಲ್ಲಲ್ಲ, ಮರದ ಕೆಳಗೆ ಬಗ್ಗಿಕೊಂಡು ಬೀಜಗಳನ್ನು ಒಂದೊಂದಾಗಿ ಕಿವಿಗೆ ಹಿಡಿಯುತ್ತ.

"ಹುಡುಗಿಯರು ಆಡಬಹುದಾ ಇಲ್ಲಿ?" ಎಂದು ಟ್ರೆವರ್‌ನನ್ನು ಕೇಳು ಎಂದರು. ಕೇಳಿದೆ.

"ಕಳೆದ ವರ್ಷ ಫೈನಲ್‌ನಲ್ಲಿ ಮರಿಯನ್ ನನ್ನನ್ನು ಹೆಚ್ಚುಕಡಿಮೆ ಮುಗಿಸಿದ್ದಳು," ಎಂದ ಟ್ರೆವರ್.

"ಹಾಗಾದರೆ ನನ್ನ ಹೆಸರು ಬರ್ಕೊಳ್ಳಿ."

ಪಂದ್ಯದ ಶನಿವಾರ ಮಧ್ಯಾಹ್ನ ಅಮ್ಮ ಹೊರಟ ಅಲಂಕಾರ: ಮೈಸೂರು ಸಿಲ್ಕ್ ಸೀರೆ, ಮೇಲೆ ನನ್ನ ಕಂಪನಿಯ ಹೆಸರಿರುವ ಜಾಕೆಟ್, ಕಾಲಿಗೆ ಸಾಕ್ಸು, ಸಾಕ್ಸಿನ ಮೇಲೆ ಚಪ್ಪಲಿ. ನಾನು ಕೊಡಿಸಿದ ವಾಕಿಂಗ್ ಶೂ ಯಾಕೆ ಹಾಕಲಿಲ್ಲ ಎಂದರೆ, ಅದರ ಲೇಸು ಕಾಂಕರ್‌ಗೆ ಹೋಗಿದೆ. "ದಾರಕ್ಕಿಂತ ಲೇಸು ಗಟ್ಟಿ. ನಿಯಮದಲ್ಲಿ ಲೇಸಿನ ಬಗ್ಗೆ ಏನೂ ಇಲ್ಲ ಅಲ್ವಾ?" ಇರಲಿಲ್ಲ. ನಾನು ಯಾರ ಮಗಳು ಎಂದು ನಿಮಗೆ ಅರ್ಥವಾಗಿರಬಹುದು.

ಹಿತ್ತಲಿನಲ್ಲಿ ಬೀದಿಯ ಜನ ಸುಮಾರು ಸೇರಿದ್ದರು. ಗೆದ್ದವರಿಗೆ ಕೊಡುವ ಟ್ರೋಫಿ ಒಂದು ಹಳೆಯ ಎಂಜಿನ್ನಿನ ಪಿಸ್ಟನ್. ಡೆಟ್ರಾಯಿಟ್ ಕಡೆಯವರಿಗೆ ಅದಕ್ಕಿಂತ ದೊಡ್ಡ ಕಪ್ಪು ಬೇಕಿಲ್ಲ. ಅದು ತೆನೆಯ ಆಕಾರದ ಬ್ರೆಡ್ಡಿನ ಪಕ್ಕದಲ್ಲಿ ಮಿಂಚುತ್ತಿತ್ತು. ಅಮ್ಮ ಬ್ರೆಡ್ಡಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಅವರ ತವರಿನಲ್ಲೂ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟಿ ಕೈಮುಗಿಯುತ್ತಾರಂತೆ. ನಾನು ನಿಯಮವನ್ನು ದೊಡ್ಡ ದನಿಯಲ್ಲಿ ಓದುವ ಹಾಗೆ ಹೇಳಿದೆ, ಓವನ್, ವಿನೆಗರ್, ನೇಲ್ ಪಾಲಿಶ್.

ಮೊದಲ ಬಲಿ ರಘು. ಡಿಯರ್‌ಬಾರ್ನ್‌ನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನ ಧಾರವಾಡದ ಹುಡುಗ, ಊಟದ ಆಸೆಗೆ ನನ್ನ ಜೊತೆ ಬಂದವನು. ಅವನ ಕಾಯಿ ಎದುರಾಳಿಯನ್ನು ಎರಡೇ ಏಟಿಗೆ ಪುಡಿ ಮಾಡಿತು. ಪರೀಕ್ಷಿಸಲು ಕೈಗೆ ತೆಗೆದುಕೊಂಡೆ. ಉಪ್ಪಿನಕಾಯಿ ಭರಣಿಯ ವಾಸನೆ.

"ರಘು, ವಿನೆಗರ್?"

"ಏ, ಒಂದ್ ತಾಸು ಅಷ್ಟ ರೀ. ನಾ ಏನ್ ಅದನ್ನ ಮುಳುಗಿಸಿಲ್ಲ, ಸ್ವಲ್ಪ ತೋಯಿಸೇನಿ."

"ಔಟ್."

"ನಮ್ಮ ಕಡೆಯಾಕಿ ಆಗಿ ಹಿಂಗ ಮಾಡ್ತೀರಿ?"

"ಊರಿಗೂ ಕಾಯಿಗೂ ಸಂಬಂಧ ಇಲ್ಲ ರಘು. ಔಟ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರದ ರುಚಿ ನನಗೆ ಅವತ್ತು ಗೊತ್ತಾಯಿತು. ಸ್ವಲ್ಪ ಹೆಚ್ಚೇ ಗೊತ್ತಾಯಿತು.

ಆಮೇಲೆ ಅಮ್ಮ. ಎದುರಿನವರು ಹೊಡೆಯುವಾಗ ಕೈಯನ್ನು ಮರದ ಕೊಂಬೆಯ ಹಾಗೆ ಅಲುಗಿಸದೆ ಹಿಡಿದು, ತಮ್ಮ ಸರದಿ ಬಂದಾಗ ಸೆರಗು ಸಿಕ್ಕಿಸಿ, ಎದುರಿನ ಬೀಜವನ್ನು ಒಂದು ಗಳಿಗೆ ಓದುವವರಂತೆ ನೋಡಿ, ಮೇಲಿನಿಂದ ಕೆಳಗೆ ಒಂದು ಸಣ್ಣ ಏಟು. ಬೀಸಾಟವಿಲ್ಲ, ಗದ್ದಲವಿಲ್ಲ. ಟಕ್. ಬ್ಲ್ಯಾಕ್‌ಬೋರ್ಡಿನ ಮೇಲೆ ಪೂರ್ಣವಿರಾಮ ಇಟ್ಟ ಹಾಗೆ. ಎದುರು ಮನೆಯವನು ಹೋದ, ಮರಿಯನ್ ಹೋದಳು. "ವತ್ಸಲಾ! ವತ್ಸಲಾ!" ಎಂದು ಜನ ಕೂಗುತ್ತಿದ್ದರು. ವತ್ಸಲಾ ಅವರ ಬಾಯಲ್ಲಿ ಏನೇನೋ ಆಗಿತ್ತು, ಅಮ್ಮ ಯಾರ ಉಚ್ಚಾರಣೆಯನ್ನೂ ತಿದ್ದಲಿಲ್ಲ.

ಫೈನಲ್ ಟ್ರೆವರ್ ಜೊತೆ. ಅವನು ಅಷ್ಟು ವರ್ಷಗಳಿಂದ ಯಾರಿಗೂ ಬಿಟ್ಟುಕೊಡದ ಪಿಸ್ಟನ್ ಅದು. ಅವನು ಮೂರು ಏಟು ಹೊಡೆದ, ಅಮ್ಮನ ಕಾಯಿ ಗಾಳಿಯಲ್ಲಿ ಸುತ್ತಿ ಸುತ್ತಿ ವಾಪಸ್ ಬಂತು. ಅಮ್ಮ ಮೊದಲ ಏಟು ಹೊಡೆದರು, ಟ್ರೆವರನ ಬೀಜದಲ್ಲಿ ಕೂದಲೆಳೆಯ ಗೆರೆ ಬಿತ್ತು. ಎರಡನೇ ಏಟು. ಬೀಜ ಎರಡು ಹೋಳಾಗಿ ಒಂದು ಮೇಜಿನ ಕೆಳಗೆ, ಇನ್ನೊಂದು ಕುಂಬಳಕಾಯಿಯ ಹಿಂದೆ.

ಹಿತ್ತಲು ಕೂಗಿತು. ರಘು ಶಿಳ್ಳೆ ಹೊಡೆದ. ನಾನು ಅಂಪೈರ್ ಎನ್ನುವುದನ್ನು ಮರೆತು ಕುಣಿದೆ. ಟ್ರೆವರ್ ಎರಡೂ ಕೈಯಲ್ಲಿ ಅಮ್ಮನ ಕೈ ಹಿಡಿದು ಕುಲುಕಿ, ನಿಜವಾದ ಸಂತೋಷದಿಂದ ಕೇಳಿದ: "ಏನು ಗುಟ್ಟು? ಈ ಕಾಯಿಗೆ ಏನು ಮಾಡಿದಿರಿ?"

ಅಮ್ಮ ತಮ್ಮ ಕ್ಲಾಸ್‌ರೂಮ್ ಇಂಗ್ಲಿಷಿನಲ್ಲಿ, ಪ್ರತಿ ಪದವನ್ನೂ ಸ್ಪಷ್ಟವಾಗಿ ಬಿಡಿಸಿ, ಹೆಮ್ಮೆಯಿಂದ ಹೇಳಿದರು: "ನಥಿಂಗ್. ಐ ಕೆಪ್ಟ್ ಇಟ್ ಇನ್ ದಿ ಓವನ್. ಹೋಲ್ ನೈಟ್. ವಿತ್ ಇಡ್ಲಿ."

ಕ್ಯಾರೆಟ್ ಕಡಿಯುತ್ತಿದ್ದವರು ಕಡಿಯುವುದನ್ನು ನಿಲ್ಲಿಸಿದರು.

"ಅಮ್ಮಾ," ಎಂದೆ, "ಏನಂದೆ?"

"ಮೊನ್ನೆಯ ಮಳೆಗೆ ಒದ್ದೆ ಇತ್ತು. ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟೆ, ಬೆಚ್ಚಗಿರ್ತದೆ ಅಂತ. ಯಾಕೆ?"

"ನಿಯಮ ಕೇಳಿಸಿಕೊಳ್ಳಲಿಲ್ವಾ?"

"ಕೇಳಿದೆ. ಬೇಯಿಸಬಾರದು ಅಂತ ಅಲ್ವಾ ಅದರ ಅರ್ಥ? ನಾನು ಎಲ್ಲಿ ಬೇಯಿಸಿದೆ? ಓವನ್ ಹಚ್ಚಲೇ ಇಲ್ಲ."

ನಾನು ಎಲ್ಲರಿಗೂ ಇಂಗ್ಲಿಷಿನಲ್ಲಿ ವಿವರಿಸಿದೆ, ಹಿಟ್ಟು, ಹುದುಗು, ಲೈಟು. ಟ್ರೆವರ್ ಗಹಗಹಿಸಿ ನಕ್ಕ. "ಬರೀ ಬಲ್ಬಾ? ಬಿಟ್ಟುಬಿಡು! ನನ್ನದೇನೂ ಅಭ್ಯಂತರವಿಲ್ಲ." ಮರಿಯನ್ ಆಗಲೇ ಪಿಸ್ಟನ್ ಎತ್ತಿಕೊಂಡಿದ್ದಳು. "ಬಿಡು, ಬಿಡು," ಎಂದಿತು ಬೀದಿ. ಹಿಂದಿನಿಂದ ರಘುವಿನ ದನಿ ಬಂತು, ಅರ್ಧ ತಮಾಷೆಯಲ್ಲಿ, ಅರ್ಧ ಅಲ್ಲ: "ಹಂಗಾದ್ರ ನನಗೊಂದು ನ್ಯಾಯ, ನಿಮ್ಮವ್ವಗ ಒಂದು ನ್ಯಾಯ ಏನ್ರಿ?"

ನನ್ನ ತಲೆಯೊಳಗೆ ವಾದಗಳು ಸಾಲಾಗಿ ಎದ್ದು ನಿಂತವು. ಮಾನ್ಯ ಅಧ್ಯಕ್ಷರೇ, ಓವನ್ ಎಂದರೆ ಶಾಖದ ಸಾಧನ. ಶಾಖವಿಲ್ಲದಾಗ ಅದು ಬಾಗಿಲಿರುವ ಪೆಟ್ಟಿಗೆ. ಮಾನ್ಯ ಅಧ್ಯಕ್ಷರೇ, ನಿಯಮವನ್ನು ಅದರ ಉದ್ದೇಶದಿಂದ ಓದಬೇಕು, ಅಕ್ಷರದಿಂದಲ್ಲ. ಮಾನ್ಯ ಅಧ್ಯಕ್ಷರೇ, ನಮ್ಮ ಮನೆಯ ಓವನ್ ಓವನ್ನೇ ಅಲ್ಲ, ಅದು ಹುದುಗುಕೋಣೆ, ಇಲ್ಲಿನ ಎಲ್ಲ ಕನ್ನಡದ ಮನೆಗಳೂ ಸಾಕ್ಷಿ. ಗೆಲ್ಲಬಹುದಾಗಿತ್ತು. ಸತ್ಯವಾಗಿ ಹೇಳುತ್ತೇನೆ, ಅದಕ್ಕಿಂತ ದುರ್ಬಲವಾದ ಪಕ್ಷ ಹಿಡಿದು ನಾನು ಕಪ್ಪು ತಂದಿದ್ದೇನೆ. ಪ್ರತಿ ವಾದಕ್ಕೂ ಎದುರಿಗೆ ನಿಂತದ್ದು ಒಂದೇ ವಾಕ್ಯ, ನನ್ನದೇ: ಒಳಗೆ ಹೋಯಿತಾ ಇಲ್ಲವಾ, ಅಷ್ಟೇ ಪ್ರಶ್ನೆ. ಬರೀ ಬೆಚ್ಚಗೆ ಮಾಡಿದೆ ಎನ್ನುವವನಿಗಾಗಿಯೇ ನಾನು ಆ ಸಂದಿ ಮುಚ್ಚಿದ್ದೆ. ಆ 'ಅವನು' ರೇಷ್ಮೆ ಸೀರೆ ಉಟ್ಟು ಸಾಕ್ಸಿನ ಮೇಲೆ ಚಪ್ಪಲಿ ಹಾಕಿ ಬರುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಅಮ್ಮ ನನ್ನನ್ನೇ ನೋಡುತ್ತಿದ್ದರು. ಹುಡುಗಿಯಾಗಿದ್ದಾಗ ಆರಿಸಿ ಆರಿಸಿ ತಮ್ಮನ ಕೈಗೆ ಕೊಟ್ಟವರು, ಈಗ ಮೊದಲ ಸಲ ತಮ್ಮ ಕೈಯಿಂದಲೇ ಹೊಡೆದು ಗೆದ್ದವರು. ಪಿಸ್ಟನ್‌ಗೆ ಒಂದು ಮಾರು ದೂರದಲ್ಲಿದ್ದರು. ನಾನು ಅಂಪೈರ್ ಆಗಿರದಿದ್ದರೆ! ಅಥವಾ ಸ್ವಲ್ಪ ಕೆಟ್ಟ ಅಂಪೈರ್ ಆಗಿದ್ದರೆ!

"ಕಾಯಿ ಓವನ್ ಒಳಗೆ ಹೋಗಿದೆ," ಎಂದೆ. ದನಿ ನನ್ನದೇ ಎನಿಸಲಿಲ್ಲ. "ಅನರ್ಹ. ಅಮ್ಮ, ನೀನು ಔಟ್."

ಯಾರೋ "ಅಯ್ಯೋ" ಎನ್ನುವುದರ ಇಂಗ್ಲಿಷ್ ಹೇಳಿದರು. ಅಮ್ಮ ಕೈಗೆ ಸುತ್ತಿಕೊಂಡಿದ್ದ ಲೇಸನ್ನು ನಿಧಾನವಾಗಿ ಬಿಡಿಸಿ, ಕಾಯಿಯನ್ನು ತಂದು ನನ್ನ ಅಂಗೈಯಲ್ಲಿ ಇಟ್ಟರು. ಕ್ಲಾಸಿನಲ್ಲಿ ಆಡುತ್ತ ಸಿಕ್ಕಿಬಿದ್ದ ಮಕ್ಕಳು ಬುಗುರಿಯನ್ನು ಟೀಚರ್ ಮೇಜಿನ ಮೇಲೆ ತಂದಿಡುತ್ತಾರಲ್ಲ, ಹಾಗೆ. ಆಮೇಲೆ ಹೋಗಿ ಮರಿಯನ್ ಪಕ್ಕ ಕೂತರು.

ಟ್ರೆವರ್ ತನ್ನ ಕಾಯಿ ಒಡೆದ ಮೇಲೆ ಟ್ರೋಫಿ ಮುಟ್ಟುವುದಿಲ್ಲ ಎಂದ. ಹೀಗಾಗಿ ಆ ವರ್ಷ ಪಿಸ್ಟನ್ ಯಾರಿಗೂ ಹೋಗಲಿಲ್ಲ. ಊಟ ಮುಗಿಯುವವರೆಗೂ ಬ್ರೆಡ್ಡಿನ ಪಕ್ಕ ಅತಿಥಿಯ ಹಾಗೆ ಕೂತಿತ್ತು. ಅಮ್ಮ ಸೇಬಿನ ಸಿಹಿಯನ್ನು ಎರಡು ಸಲ ಹಾಕಿಸಿಕೊಂಡರು, ಅದಕ್ಕೆ ಏಲಕ್ಕಿ ಬೇಕಿತ್ತು ಎಂದು ಮರಿಯನ್‌ಗೆ ತಿಳಿಸಿದರು. ನನ್ನ ಕಡೆ ತಿರುಗಲಿಲ್ಲ. ನಾನು ನನ್ನ ಪಾಲಿನ ಬ್ರೆಡ್ಡನ್ನು ಹಾಗೇ ಬಿಟ್ಟೆ. ಮುಚ್ಚಿಟ್ಟ ಒಂದು ತಟ್ಟೆ ನೆನಪಾಗುತ್ತಿತ್ತು. ಮನೆಗೆ ನಡೆದು ಬರುವಾಗ ಒಣಗಿದ ಎಲೆಗಳ ಮೇಲೆ ಚಪ್ಪಲಿಯ ಸರಬರ ಮಾತ್ರ.

ಮನೆ ಸೇರಿದ ಕೂಡಲೇ ಅಮ್ಮ ಅಡುಗೆಮನೆಗೆ ಹೋಗಿ ವೆಸ್ಟ್‌ಮಂಟ್‌ಗೆ ಫೋನ್ ಮಾಡಿದರು. ಎಲ್ಲ ಅಮ್ಮಂದಿರ ಹಾಗೆ ಸ್ಪೀಕರ್ ಹಾಕಿ, ಆದರೂ ಫೋನನ್ನು ಕಿವಿಗೇ ಹಿಡಿದು, ಕೂಗಿ. ನಾನು ಹಾಲಿನಲ್ಲಿ ಶೂ ಬಿಚ್ಚುತ್ತ ಅಲ್ಲೇ ಕುಳಿತೆ.

"ಏನಕ್ಕಾ, ಗೆದ್ದೆಯಾ?" ಶ್ರೀಧರ ಮಾವ.

"ಗೆದ್ದೆ. ಆಮೇಲೆ ಔಟಾದೆ."

"ಅದು ಹೇಗೆ? ಯಾರು ಮಾಡಿದ್ದು?"

"ಯಾರು ಅಂದರೆ? ಅಂಪೈರು. ನನ್ನ ಮಗಳು."

"ಅವಳಾ? ಸ್ವಂತ ಅಮ್ಮನನ್ನಾ? ಸ್ವಲ್ಪ ಹಿಂದೆಮುಂದೆ ನೋಡಬಾರದಾ ಹುಡುಗಿ?"

"ಎಂತ ನೋಡುವುದು ಮಾರಾಯ? ನಿಯಮ ಹಾಗೆ ಉಂಟು. ಎಲ್ಲರೂ ಬಿಡು ಬಿಡು ಅಂದರು. ಆ ಟ್ರೆವರ್ರೂ ಬಿಡು ಅಂದ. ಇವಳ ಮುಖ ನೀನು ನೋಡಬೇಕಿತ್ತು, ಅಳು ಬಂದಿತ್ತು ಅವಳಿಗೆ. ಆದರೂ ಬಿಡಲಿಲ್ಲ ನೋಡು." ಅಮ್ಮ ದನಿ ತಗ್ಗಿಸಿದರು. ಸ್ಪೀಕರ್ ತಗ್ಗಿಸಲಿಲ್ಲ. "ಕಪ್ಪು ಎಷ್ಟು ತಂದಿದ್ದಾಳೋ ಶ್ರೀಧರಾ, ನನಗೆ ಲೆಕ್ಕ ಇಲ್ಲ. ಇವತ್ತಿನ ಹಾಗೆ ಯಾವತ್ತೂ ಆಗಲಿಲ್ಲ ನನಗೆ. ಸರಿ, ಇಡ್ತೇನೆ. ಅಕ್ಕಿ ನೆನೆ ಹಾಕಬೇಕು."

ನಾನು ಒಂದು ಕಾಲಿನ ಶೂ ಬಿಚ್ಚಿ, ಇನ್ನೊಂದರ ಸಮೇತವೇ ಅಕ್ಕಿ ಡಬ್ಬಿ ತೆಗೆದುಕೊಡಲು ಎದ್ದೆ.

ಅಮ್ಮ ವಾಪಸ್ ಹೊರಡುವ ದಿನ ಸೂಟ್‌ಕೇಸುಗಳನ್ನು ಡಿಕ್ಕಿಗೆ ಹಾಕಿ ಬಂದು ನೋಡಿದರೆ, ಮುಂದಿನ ಸೀಟಿನಲ್ಲಿ ಕೂತು ಕನ್ನಡಿಗೆ ಅದನ್ನು ಕಟ್ಟುತ್ತಿದ್ದರು. ಕಾಯಿ ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ನಾನು ಅದನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಲೇಸನ್ನು ಎರಡು ಸುತ್ತು ಸುತ್ತಿ, ಹಲ್ಲಿನಿಂದ ಗಂಟು ಬಿಗಿದರು.

"ಏನಿದು ವತ್ಸಲಾ ಟೀಚರ್, ದೃಷ್ಟಿಗಾ? ನನ್ನ ಕಾರಿನಲ್ಲಿ ಇದೆಲ್ಲ ನಡೆಯೋದಿಲ್ಲ."

"ದೃಷ್ಟಿಗಲ್ಲ."

"ಮತ್ತೆ?"

"ಹತ್ತಿದವರು ಇದೇನು ಅಂತ ಕೇಳಲಿ ಅಂತ," ಎಂದರು ಅಮ್ಮ, ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತ. "ಕೇಳಿದರೆ ಪೂರ್ತಿ ಹೇಳು. ಅರ್ಧಕ್ಕೆ ಬಿಟ್ಟೆಯೋ, ಅರ್ಧ ಅಂಕ ಕಳೀತೇನೆ."